ಪ್ರಿಸ್ಮಾ 2020: ವ್ಯವಸ್ಥಿತ ವಿಮರ್ಶೆಯನ್ನು ವರದಿ ಮಾಡುವ ಬಗೆ

ಒಂದು ಪ್ರಶ್ನೆಯ ಕುರಿತ ಅಧ್ಯಯನಗಳನ್ನು ನಿಗದಿತ ವಿಧಾನದಲ್ಲಿ ಹುಡುಕಿ, ಆಯ್ದು, ಒಟ್ಟುಗೂಡಿಸುವುದೇ ವ್ಯವಸ್ಥಿತ ವಿಮರ್ಶೆ. ಆರೋಗ್ಯ ಸಂಶೋಧನೆಯಲ್ಲಿ ಅದನ್ನು ಬರೆಯುವವರು, 2009ರ ಆವೃತ್ತಿಯ ಬದಲಿಗೆ 2021ರಲ್ಲಿ ಪ್ರಕಟವಾದ ಪ್ರಿಸ್ಮಾ 2020 ಎಂಬ ವರದಿ ಮಾರ್ಗಸೂಚಿಯ 27 ಅಂಶಗಳ ಪಟ್ಟಿಯನ್ನು ಹಸ್ತಪ್ರತಿ ಮುಗಿದ ಮೇಲಲ್ಲ, ಯೋಜನೆಯ ಹಂತದಲ್ಲೇ ಎದುರಿಗಿಟ್ಟುಕೊಳ್ಳಬೇಕು. ಇದು ವರದಿಯ ಮಾರ್ಗಸೂಚಿಯೇ ಹೊರತು ವಿಮರ್ಶೆಯ ಗುಣಮಟ್ಟವನ್ನು ಅಳೆಯುವ ಮಾಪಕವಲ್ಲ. ಈ ಗೊಂದಲ ಅನುಭವಿಗಳಲ್ಲೂ ಕಾಣುತ್ತದೆ.

ಮೊದಲು ಪ್ರೋಟೋಕಾಲನ್ನು, ಅಂದರೆ ವಿಮರ್ಶೆಯ ಪೂರ್ವಯೋಜನೆಯನ್ನು, ಪ್ರಾಸ್ಪೆರೋದಂತಹ ನೋಂದಣಿ ತಾಣದಲ್ಲಿ ದಾಖಲಿಸಿ, ನೋಂದಣಿ ಸಂಖ್ಯೆಯನ್ನೂ ಅನಂತರ ಮಾಡಿದ ತಿದ್ದುಪಡಿಗಳನ್ನೂ ವರದಿಯಲ್ಲಿ ತಿಳಿಸಿರಿ.

ಹೆಚ್ಚಿನವರು ಎಡವುವುದು ಹುಡುಕಾಟದ ವಿವರಣೆಯಲ್ಲಿ. ವೈದ್ಯಕೀಯ ಲೇಖನಗಳ ದತ್ತಸಂಚಯವಾದ ಪಬ್‌ಮೆಡ್ ಬಳಸಿದ್ದರೆ, ‘ಪಬ್‌ಮೆಡ್‌ನಲ್ಲಿ ಹುಡುಕಲಾಯಿತು’ ಎಂದರೆ ಸಾಲದು. ಪ್ರತಿಯೊಂದು ದತ್ತಸಂಚಯಕ್ಕೂ ಬಳಸಿದ ಪೂರ್ಣ ಹುಡುಕು ಸಾಲನ್ನು, ಮಿತಿಗಳನ್ನು ಮತ್ತು ಕೊನೆಯದಾಗಿ ಹುಡುಕಿದ ದಿನಾಂಕವನ್ನು, ಬೇರೊಬ್ಬರು ಅದನ್ನೇ ಪುನರಾವರ್ತಿಸಲು ಸಾಧ್ಯವಾಗುವಂತೆ ಅನುಬಂಧದಲ್ಲಾದರೂ ಕೊಡಬೇಕು.

ಅಧ್ಯಯನಗಳನ್ನು ಹಂತಹಂತವಾಗಿ ಆಯ್ದ ಬಗೆಯನ್ನು ತೋರಿಸುವ ಹರಿವು ಚಿತ್ರದಲ್ಲಿ, ಹುಡುಕಾಟದಲ್ಲಿ ಸಿಕ್ಕ ದಾಖಲೆಗಳು, ತೆಗೆದುಹಾಕಿದ ನಕಲುಗಳು, ಪರಿಶೀಲಿಸಿದವು ಹಾಗೂ ಅಂತಿಮವಾಗಿ ಸೇರಿಸಿದ ಅಧ್ಯಯನಗಳ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಬೇಕು. ಉದಾಹರಣೆಗೆ, 60 ಪೂರ್ಣಪಾಠಗಳನ್ನು ಓದಿ 12 ಅಧ್ಯಯನಗಳನ್ನಷ್ಟೇ ಉಳಿಸಿಕೊಂಡಿದ್ದರೆ, ಉಳಿದ 48ನ್ನು ಕೈಬಿಟ್ಟ ಕಾರಣಗಳು ಸಂಖ್ಯೆಸಹಿತ ಅಲ್ಲಿರಬೇಕು; ಅರ್ಹವೆಂದು ತೋರಿಯೂ ಹೊರಗುಳಿದವನ್ನು ಹೆಸರಿಸಿ ಕಾರಣ ಹೇಳಬೇಕು.

ಸಾರಾಂಶಕ್ಕೆ 12 ಅಂಶಗಳ ಪ್ರತ್ಯೇಕ ಪಟ್ಟಿಯಿದೆ. ಹಣಕಾಸಿನ ಮೂಲ ಮತ್ತು ಹಿತಾಸಕ್ತಿ ಸಂಘರ್ಷಗಳನ್ನೂ ನಮೂದಿಸಿ, ಪ್ರತಿ ಅಂಶ ಯಾವ ಪುಟದಲ್ಲಿದೆ ಎಂದು ತುಂಬಿದ ಪಟ್ಟಿಯನ್ನು ಹಸ್ತಪ್ರತಿಯೊಡನೆ ಲಗತ್ತಿಸಿರಿ.