ಸ್ವಯಂಸೇವಕರು ಬರುತ್ತಾರೆ, ಆದರೆ ಉಳಿಯುವುದಿಲ್ಲ ಎನ್ನುವ ಸಂಸ್ಥೆಗಳಿಗೆ

"ಸ್ವಯಂಸೇವಕರು ಬೇಕಾಗಿದ್ದಾರೆ" ಎಂದಷ್ಟೇ ಬರೆದರೆ ಯಾರೂ ಮುಂದೆ ಬರುವುದಿಲ್ಲ. ಕೆಲಸವನ್ನು ಬಿಡಿಸಿ ಬರೆಯಿರಿ: "ಶನಿವಾರ ಬೆಳಿಗ್ಗೆ 10ರಿಂದ 12, ಜಯನಗರ ಮೆಟ್ರೊ ನಿಲ್ದಾಣದಿಂದ ನಡೆದು ಬರುವಷ್ಟು ದೂರ, ಐದನೇ ತರಗತಿಯ ನಾಲ್ಕು ಮಕ್ಕಳಿಗೆ ಕನ್ನಡ ಓದಿಸುವುದು, ಮೂರು ತಿಂಗಳು." ಬೆಂಗಳೂರಿನಲ್ಲಿ ಅರ್ಧ ಉತ್ಸಾಹ ದಾರಿಯಲ್ಲೇ ಕರಗುತ್ತದೆ. ವೈಟ್‌ಫೀಲ್ಡ್‌ನವರನ್ನು ವಾರದ ದಿನ ಸಂಜೆ ಬನಶಂಕರಿಗೆ ಕರೆಯಬೇಡಿ. ಮನೆಯಲ್ಲೇ ಕುಳಿತು ಮಾಡುವ ಲೆಕ್ಕಪತ್ರ, ಅನುವಾದ ಕೊಡಿ.

ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಧಿಕಾರಿಯನ್ನು ಕಾಣಿರಿ. ಆ ಯೋಜನೆಗೆ ಸೇರಿದ ವಿದ್ಯಾರ್ಥಿಗಳು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಆದರೆ ಪರೀಕ್ಷೆಯ ತಿಂಗಳಲ್ಲಿ ಅವರನ್ನು ನೆಚ್ಚಿಕೊಳ್ಳಬೇಡಿ.

ಉಳಿಸಿಕೊಳ್ಳುವುದೇ ಕಷ್ಟ. ಮೊದಲ ದಿನ ಬಂದವರನ್ನು ಕೂರಿಸಿಕೊಂಡು ಸಂಸ್ಥೆಯ ಚರಿತ್ರೆ ಹೇಳಬೇಡಿ. ಒಂದು ಲೋಟ ಕಾಫಿ ಕೊಟ್ಟು, ಹಳಬರೊಬ್ಬರ ಜೊತೆ ಮಾಡಿ, ಕೈಗೆ ಕೆಲಸ ಕೊಡಿ. ಬಸ್ ಖರ್ಚನ್ನು ಅವರು ಕೇಳುವ ಮೊದಲೇ ಕೊಡಿ, ವಿದ್ಯಾರ್ಥಿಗಳಿಗಂತೂ ಖಂಡಿತ. ಒಂದು ವಾರ ಬರದಿದ್ದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಶ್ನಿಸದೆ ನೀವೇ ಫೋನ್ ಮಾಡಿ, ಆರೋಗ್ಯ ವಿಚಾರಿಸಿ. ಅವರು ಕಲಿಸಿದ ಮಗು ಒಂದು ಪುಟವನ್ನು ತಡವರಿಸದೆ ಓದಿದ ದಿನ ತಪ್ಪದೆ ತಿಳಿಸಿ. ನನ್ನ ಪ್ರಕಾರ ಪ್ರಮಾಣಪತ್ರಕ್ಕಿಂತ ಅದೇ ಜನರನ್ನು ಹಿಡಿದಿಡುತ್ತದೆ. ಬಿಡುತ್ತೇನೆ ಎಂದವರನ್ನು ಒತ್ತಾಯಿಸಬೇಡಿ. ಕೆಲವು ತಿಂಗಳು ಬಿಟ್ಟು ಒಂದು ಸಣ್ಣ ಕೆಲಸಕ್ಕೆ ಮತ್ತೆ ಕೇಳಿ ನೋಡಿ.