ಲಾರಿ ಕಮಾನು ಪಟ್ಟಿಯಿಂದ ಮರಗೆಲಸದ ಉಳಿ

ಗುಜರಿ ಅಂಗಡಿಯ ಕಬ್ಬಿಣಕ್ಕೆ ಹೆಸರಿಲ್ಲ. ತುಕ್ಕು ಹತ್ತಿದ ಮೇಲೆ ಹಳೇ ಗೇಟಿನ ಪಟ್ಟಿಯೂ ಲಾರಿಯ ಹೊರೆ ತಾಳುವ ಕಮಾನು ಪಟ್ಟಿಯೂ (ಲೀಫ್ ಸ್ಪ್ರಿಂಗ್) ಒಂದೇ ಬಣ್ಣ. ಗೇಟಿನ ಪಟ್ಟಿಯಿಂದ ಉಳಿ ಮಾಡಿದರೆ ಎರಡು ಪೆಟ್ಟಿಗೆ ಬಾಯಿ ಮಡಚಿಕೊಳ್ಳುತ್ತದೆ. ಕಮಾನು ಪಟ್ಟಿಯದು, ಹದ (ಕಾಯಿಸಿ ತಣಿಸಿ ಬರಿಸುವ ಗಡಸುತನ) ಸರಿಯಾಗಿ ಬಿದ್ದರೆ, ಜಾಲಿ ಮರಕ್ಕೂ ತಾಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ಬಡಿಯುವುದಕ್ಕೂ ಉಜ್ಜುವುದಕ್ಕೂ ಮೊದಲು ಬರುವುದು ಪರೀಕ್ಷೆ. ಪಟ್ಟಿಯ ಒಂದು ಚೂರನ್ನು ಬೇಕಂತಲೇ ಮುರಿದು ನೋಡದೆ ಉಳಿದದ್ದಕ್ಕೆ ನಾನು ಕೈ ಹಚ್ಚುವುದಿಲ್ಲ.

ಪುಣೆ–ಬೆಂಗಳೂರು ಹೆದ್ದಾರಿ ದಾವಣಗೆರೆ, ಚಿತ್ರದುರ್ಗ ಎರಡನ್ನೂ ಹಾದು ಹೋಗುವುದರಿಂದ ಇಲ್ಲಿ ಕಮಾನು ಪಟ್ಟಿಗೆ ಬರವಿಲ್ಲ. ತೂಕದ ಮೇಲೆ ಕೊಡುತ್ತಾರೆ. 70 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಪಟ್ಟಿ ಮೀಟರಿಗೆ ಸುಮಾರು ಐದೂವರೆ ಕಿಲೋ ತೂಗುತ್ತದೆ. ಉಳಿಗೆ 8ರಿಂದ 10 ಮಿ.ಮೀ. ದಪ್ಪ ಸಾಕು. ದೊಡ್ಡ ಲಾರಿಯ 16–20 ಮಿ.ಮೀ. ಪಟ್ಟಿ ತಂದರೆ ಅದನ್ನು ತೆಳ್ಳಗೆ ಮಾಡುವುದರಲ್ಲೇ ಇದ್ದಿಲು ಮುಗಿಯುತ್ತದೆ. ತುಂಡಾಗಿ ಬಿದ್ದ ಪಟ್ಟಿ ಬೇಡ. ಕಣ್ಣಿಗೆ ಕಾಣುವ ಒಂದು ಮುರಿತದ ಆಚೀಚೆ ಕಾಣದ ಬಿರುಕುಗಳು ಇರುತ್ತವೆ, ಉಳಿಯನ್ನು ಎಣ್ಣೆಗೆ ಅದ್ದಿದ ಗಳಿಗೆಯಲ್ಲೇ ಅವು ಬಾಯಿ ಬಿಡುತ್ತವೆ. ಕಮಾನು ಕುಗ್ಗಿತು ಅಂತ ಬಿಚ್ಚಿ ಹಾಕಿದ ಕಟ್ಟು ಸಿಕ್ಕರೆ ಅದರಿಂದ ಆರಿಸಬೇಕು. ಅದರಲ್ಲೂ ನಡುವಿನ ಬೋಲ್ಟಿನ ತೂತಿನಿಂದ ಎರಡೂ ಕಡೆ ಒಂದು ಗೇಣು ಬಿಟ್ಟು, ತುದಿಯ ಕಡೆಯ ಭಾಗ ತೆಗೆದುಕೊಳ್ಳುವುದು ಕ್ಷೇಮ. ಕಮಾನನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟ್ ಬಿಗಿದ ಜಾಗದಲ್ಲೇ ಕಬ್ಬಿಣ ಹೆಚ್ಚು ದಣಿದಿರುತ್ತದೆ.

ಬಿರುಕು ಹುಡುಕುವುದಕ್ಕೆ ತಂತಿ ಬ್ರಷ್ಷಿನಿಂದ ಪಟ್ಟಿಯನ್ನು ಬೆಳ್ಳಗಾಗುವವರೆಗೆ ಉಜ್ಜಿ, ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಅರ್ಧ ಗಂಟೆ ಬಿಡುತ್ತೇನೆ. ಆಮೇಲೆ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದರೆ ಸಾಕು. ಬಿರುಕಿದ್ದಲ್ಲಿ ಒಳಗಿನ ಎಣ್ಣೆ ಮೇಲೆ ಬಂದು ಪುಡಿಯ ಮೇಲೆ ಕೂದಲಿನಂತೆ ಗೆರೆ ಮೂಡುತ್ತದೆ.

ಇನ್ನು ಉಕ್ಕಿನ ಗುಣ. ಗ್ರೈಂಡರಿಗೆ ಹಿಡಿದಾಗ ಹಾರುವ ಕಿಡಿ ಮೊದಲ ಸುಳಿವು. ಸಾದಾ ಕಬ್ಬಿಣದ ಕಿಡಿ ಉದ್ದವಾಗಿ ಗೆರೆ ಎಳೆದಂತೆ ಹೋಗುತ್ತದೆ, ಕವಲು ಕಡಿಮೆ. ಇಂಗಾಲ ಹೆಚ್ಚಿದ್ದ ಉಕ್ಕಿನ ಕಿಡಿ ಸುರುಸುರು ಬತ್ತಿಯ ಹಾಗೆ ಒಡೆದು ನಕ್ಷತ್ರವಾಗುತ್ತದೆ. ಕಿಡಿಯನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯದು. ಪಕ್ಕದಲ್ಲಿ ಒಂದು ಮೊಳೆ, ಒಂದು ಹಳೇ ಅರ (ಉಜ್ಜುವ ಫೈಲ್) ಇಟ್ಟುಕೊಂಡು ಮೂರನ್ನೂ ಒಂದಾದ ಮೇಲೊಂದು ಹಿಡಿದು ಹೋಲಿಸಬೇಕು. ಕಮಾನು ಪಟ್ಟಿ ಎರಡರ ನಡುವೆ ಬರುತ್ತದೆ. ಅದರಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.5ರಿಂದ 0.6, ಜೊತೆಗೆ ಮ್ಯಾಂಗನೀಸ್, ಸಿಲಿಕಾನ್ ಅಥವಾ ಕ್ರೋಮಿಯಂ. ಮನೆ ಕಟ್ಟುವ ಟಿ.ಎಂ.ಟಿ. ಸರಳಿನಲ್ಲಿ ಇಂಗಾಲ ಶೇ. 0.3ರ ಒಳಗೇ. ಸರಳಿನಿಂದ ಉಳಿ ಮಾಡಿ ಹದ ಹಿಡಿಯಲಿಲ್ಲ ಎಂದು ಕುಲುಮೆಯನ್ನು ಬೈಯುವವರು ಬಹಳ ಜನ. ಆ ಕಬ್ಬಿಣದಲ್ಲಿ ಹದ ಹಿಡಿಯುವ ಸತ್ವವೇ ಇಲ್ಲ.

ಕೊನೆಯ ಮಾತು ಹೇಳುವುದು ಮುರಿಯುವ ಪರೀಕ್ಷೆ. 10 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ಚೂರು ಕತ್ತರಿಸಿ, ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಬೆಚ್ಚಗಿನ ಎಣ್ಣೆಗೆ ಅದ್ದಬೇಕು. ತಣಿದ ಮೇಲೆ ಹೊಸ ಅರದಿಂದ ಉಜ್ಜಿದರೆ ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಬೇಕು. ನಂತರ ಚೂರನ್ನು ವೈಸಿಗೆ ಕಚ್ಚಿಸಿ, ಮೇಲೆ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆಯಬೇಕು. ಮುರಿದ ಮುಖ ಬೂದು ಬಣ್ಣದಲ್ಲಿ, ರೇಷ್ಮೆಯಷ್ಟು ನುಣ್ಣಗೆ ಕಂಡರೆ ಉಕ್ಕೂ ಸರಿ, ಕಾವೂ ಸರಿ. ಸಕ್ಕರೆ ಹರಳಿನಂತೆ ಮಿಂಚಿದರೆ ಕಾವು ಹೆಚ್ಚಾಗಿದೆ. ಮುರಿಯದೆ ಬಗ್ಗಿದರೆ ಕಾವು ಸಾಲದೆ ಬಂದಿರಬಹುದು, ಇನ್ನೊಂದು ಚೂರಿಗೆ ಸ್ವಲ್ಪ ಹೆಚ್ಚು ಕಾವು ಕೊಟ್ಟು ನೋಡಬೇಕು. ಆಗಲೂ ಬಗ್ಗಿದರೆ ಆ ಪಟ್ಟಿ ಶೆಲ್ಫಿನ ಬ್ರಾಕೆಟ್ಟಿಗೆ ಹೋಗಲಿ.

ಕುಲುಮೆಗೆ ಬ್ರೇಕ್ ಡ್ರಮ್ ಚೆನ್ನ. ಲಾರಿಯ ಡ್ರಮ್ ತೀರಾ ಆಳ, ಇದ್ದಿಲು ನುಂಗುತ್ತದೆ. ಜೀಪು ಅಥವಾ ಸಣ್ಣ ಗೂಡ್ಸ್ ಗಾಡಿಯ 10–12 ಇಂಚಿನದು ಸಾಕು. ಒಳಗಿನ ಕರಿ ಪುಡಿಯನ್ನು ಊದಬಾರದು, ಒಣಗಿದ್ದಾಗ ಕೆರೆಯಲೂಬಾರದು. ಹಳೇ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಸೋಪಿನ ನೀರಿನಲ್ಲಿ ನೆನೆಸಿ ತೊಳೆಯಿರಿ. ಡ್ರಮ್ ಬೀಡು ಕಬ್ಬಿಣದ್ದಾದ್ದರಿಂದ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಸೀಳುತ್ತದೆ. ಅದರಲ್ಲಿರುವ ಬೋಲ್ಟ್ ತೂತುಗಳನ್ನೇ ಬಳಸಿ ಕೆಳಗೆ ಪೈಪಿನ ಚಾಚುಪಟ್ಟಿ (ಫ್ಲ್ಯಾಂಜ್) ಬಿಗಿಯುವುದು ಸರಿ. ಗಾಳಿಗೆ ಒಂದೂವರೆ ಇಂಚಿನ ಕಪ್ಪು ಪೈಪ್, ನಡುವೆ ಟಿ ಜೋಡಣೆ, ಅದರ ಕೆಳಬಾಯಿಗೆ ಬೂದಿ ಇಳಿಸಲು ಮುಚ್ಚಳ. ಡ್ರಮ್ಮಿನ ನಡುವಿನ ದೊಡ್ಡ ತೂತಿಗೆ 6 ಮಿ.ಮೀ. ತಗಡು, ಅದರಲ್ಲಿ 8 ಮಿ.ಮೀ.ನ ಏಳೆಂಟು ರಂಧ್ರ. ಬಿಸಿ ತಗಲುವ ಕಡೆ ಸತು ಲೇಪಿಸಿದ ಜಿ.ಐ. ಪೈಪ್ ಬೇಡವೇ ಬೇಡ. ಕಾದ ಸತುವಿನ ಬಿಳಿ ಹೊಗೆ ಕುಡಿದರೆ ಅದೇ ರಾತ್ರಿ ಚಳಿಜ್ವರ ಬರುತ್ತದೆ.

ಒಳಗೆ ಎರಡು ಬೆರಳು ದಪ್ಪ ಮಣ್ಣು ಮೆತ್ತಬೇಕು. ನಮ್ಮ ಕಡೆಯ ಎರೆಮಣ್ಣು ಇದಕ್ಕೆ ಆಗದು. ಒಣಗುವಾಗ ಹೊಲದಲ್ಲಿ ಬಿಡುವಂತೆಯೇ ಡ್ರಮ್ಮಿನಲ್ಲೂ ಬಿರುಕು ಬಿಡುತ್ತದೆ. ಹುತ್ತದ ಮಣ್ಣು ಎರಡು ಪಾಲು, ಮರಳು ಒಂದು ಪಾಲು ಕಲಸಿ ಮೆತ್ತಿ, ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ಮೊದಲ ದಿನ ಪುರಲೆಯ ಸಣ್ಣ ಉರಿ ಮಾತ್ರ ಹಾಕಬೇಕು. ಬಳ್ಳಾರಿ ಜಾಲಿಯ ಇದ್ದಿಲು ಚೆನ್ನಾಗಿ ಕಾಯುತ್ತದೆ, ಕಿಡಿ ಮಾತ್ರ ಸಿಡಿಯುತ್ತದೆ. ಅಡಿಕೆಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು, ಇದು ಚೂರಿನ ಅಳತೆ. ದೊಡ್ಡ ಚೂರುಗಳ ಸಂದಿಯಲ್ಲಿ ಗಾಳಿ ನೇರವಾಗಿ ಕಬ್ಬಿಣಕ್ಕೆ ಬಡಿದು ಮೇಲೆ ಸಿಪ್ಪೆ ಏಳುತ್ತದೆ.

ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ರೈಲು ಹಳಿಯ ತುಂಡು ಎಲ್ಲರೂ ಹೇಳುವ ಉಪಾಯ. ಹಳಿ ಕೊಳ್ಳುವುದಾದರೆ ಬಿಲ್ಲು ಇರಲೇಬೇಕು. ಕದ್ದ ರೈಲ್ವೆ ಸಾಮಾನು ಇಟ್ಟುಕೊಂಡವರಿಗೂ 1966ರ ಕಾಯ್ದೆಯಲ್ಲಿ ಶಿಕ್ಷೆ ಇದೆ, ಗೊತ್ತಿರಲಿಲ್ಲ ಎಂದರೆ ಸುಲಭದಲ್ಲಿ ಬಿಡುವುದಿಲ್ಲ. ನಾನು ಬಳಸುವುದು ಲಾರಿಯ ಮುರಿದ ಆಕ್ಸಲ್. ಅದನ್ನು ಮರದ ದಿಮ್ಮಿಯಲ್ಲಿ ನೆಟ್ಟಗೆ ಹುಗಿದರೆ ಪೆಟ್ಟಿನ ಕೆಳಗೆ ಅಷ್ಟೂ ಉದ್ದದ ತೂಕ ನಿಲ್ಲುತ್ತದೆ. ಹಳಿಯನ್ನಾದರೂ ಮಲಗಿಸುವುದಕ್ಕಿಂತ ನಿಲ್ಲಿಸಿ ಬಳಸಿದರೆ ಪೆಟ್ಟು ಪೋಲಾಗುವುದಿಲ್ಲ.

ವೈಸ್ ಹಳೆಯದೇ ಕೊಳ್ಳಿ, ಆದರೆ ದವಡೆ ನೋಡಿ ಮೋಸ ಹೋಗಬೇಡಿ. ಸವೆದ ದವಡೆಗೆ ಹೊಸ ಪಟ್ಟಿ ಹಾಕಬಹುದು, ಒಳಗಿನ ನಟ್ ಸವೆದಿದ್ದರೆ ಕಷ್ಟ. ಹಿಡಿ ತಿರುಗಿಸಿದಾಗ ದವಡೆ ಕದಲುವ ಮೊದಲು ಕಾಲು ಸುತ್ತಿಗಿಂತ ಹೆಚ್ಚು ಖಾಲಿ ತಿರುಗಿದರೆ ಬಿಟ್ಟುಬಿಡಿ. ತುಕ್ಕು ಹಿಡಿದ ಅರಗಳನ್ನು ಹುಣಸೆ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಬ್ರಷ್ಷಿನಿಂದ ತಿಕ್ಕಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಿದರೆ ಮತ್ತೆ ಕಚ್ಚುತ್ತವೆ.

ಈಗ ಪಟ್ಟಿಯನ್ನು ಮೆತ್ತಗೆ ಮಾಡುವ ಕೆಲಸ. ಕಮಾನಿನ ಗಡಸುತನದಲ್ಲೇ ಕತ್ತರಿಸಲು ಹೋದರೆ ಹ್ಯಾಕ್ಸಾ ಬ್ಲೇಡು ಹಲ್ಲು ಕಳೆದುಕೊಳ್ಳುತ್ತದೆ. ಮೊದಲು ಗ್ರೈಂಡರಿನ 1 ಮಿ.ಮೀ. ವೀಲಿನಿಂದ 200 ಮಿ.ಮೀ. ಉದ್ದ, 20 ಮಿ.ಮೀ. ಅಗಲದ ತುಂಡು ತೆಗೆದು, ಅಯಸ್ಕಾಂತ ಬಿಡುವವರೆಗೆ ಕಾಯಿಸಿ, ಬೂದಿಯಲ್ಲಿ ಹೂತು ಮಾರನೆಯ ದಿನ ತೆಗೆಯಬೇಕು. ಇದಕ್ಕೆ ಭತ್ತದ ಹೊಟ್ಟಿನ ಬೂದಿಗಿಂತ ಒಳ್ಳೆಯದು ನಾನು ಕಂಡಿಲ್ಲ. ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಕಡೆ ಕೇಳಿದರೆ ಚೀಲಗಟ್ಟಲೆ ಸಿಗುತ್ತದೆ. ಹಗುರ, ಒಳಗೆಲ್ಲ ಗಾಳಿ, ಕಾವನ್ನು ಹೊರಗೆ ಬಿಡುವುದಿಲ್ಲ. 15 ಕಿಲೋ ಎಣ್ಣೆ ಡಬ್ಬದಲ್ಲಿ ತುಂಬಿ, ಉಕ್ಕಿನ ಸುತ್ತ ನಾಲ್ಕು ಇಂಚು ಬೂದಿ ಇರುವಂತೆ ನೋಡಿಕೊಳ್ಳಿ. ತೆಳು ತುಂಡಾದರೆ ಜೊತೆಗೆ ಒಂದು ದಪ್ಪ ಕಬ್ಬಿಣವನ್ನೂ ಕಾಯಿಸಿ ಪಕ್ಕದಲ್ಲೇ ಹೂಳಿ, ಇಲ್ಲವಾದರೆ ತೆಳುವಾದದ್ದು ಬೇಗ ಆರಿ ಅರ್ಧ ಗಡುಸಾಗಿಯೇ ಉಳಿಯುತ್ತದೆ. ಬೂದಿ ತೇವವಿದ್ದರೂ ಹೀಗೇ.

ಮೆತ್ತಗಾದ ತುಂಡಿಗೆ ಆಕಾರ. ಹಿಡಿಯೊಳಗೆ ಇಳಿಯುವ ಬಾಲ 60 ಮಿ.ಮೀ. ಉದ್ದ, ಬುಡದಲ್ಲಿ 8 ಮಿ.ಮೀ., ತುದಿಯಲ್ಲಿ 4 ಮಿ.ಮೀ. ಬಾಲ ಮತ್ತು ಅಲಗು ಸೇರುವ ಒಳಮೂಲೆಯನ್ನು ಚೂಪಾಗಿ ಬಿಡಬಾರದು, ದುಂಡು ಅರದಿಂದ 3 ಮಿ.ಮೀ. ತ್ರಿಜ್ಯದಷ್ಟು ದುಂಡಗೆ ಮಾಡಬೇಕು. ಉಳಿ ಮುರಿಯುವುದು ಅಲ್ಲೇ. ಬಾಯಿಯ ಇಳಿಜಾರು 30 ಡಿಗ್ರಿ. ಅಂಚನ್ನು ಈಗಲೇ ಹರಿತ ಮಾಡದೆ ಒಂದೂವರೆ ಮಿ.ಮೀ. ದಪ್ಪ ಬಿಡಬೇಕು. ತೆಳು ಅಂಚು ಎಣ್ಣೆಯಲ್ಲಿ ತಿರುಚಿಕೊಳ್ಳುತ್ತದೆ, ಬೆಂಕಿಯಲ್ಲಿ ಇಂಗಾಲವನ್ನೂ ಕಳೆದುಕೊಳ್ಳುತ್ತದೆ. ಗ್ರೈಂಡರಿನ ಅಡ್ಡ ಗೀರುಗಳನ್ನೆಲ್ಲ ಉದ್ದುದ್ದ ಉಜ್ಜಿ ಅಳಿಸಿ, ಪ್ರತಿ ಅಡ್ಡ ಗೀರೂ ಬಿರುಕಿಗೆ ದಾರಿ.

ಹದ ಹಾಕುವ ಮೊದಲು ಉಕ್ಕಿನ ಹರಳನ್ನು ಸಣ್ಣಗೆ ಮಾಡಿಕೊಳ್ಳಬೇಕು. ಅಯಸ್ಕಾಂತ ಬಿಟ್ಟ ಮೇಲೆ ಒಂದಿಷ್ಟು ಹೆಚ್ಚು ಕಾಯಿಸಿ, ಗಾಳಿಯಲ್ಲಿ ಕಪ್ಪಾಗುವವರೆಗೆ ಆರಲು ಬಿಡುವುದು, ಹೀಗೆ ಮೂರು ಸಲ, ಒಂದೊಂದು ಸಲವೂ ಕಾವು ತುಸು ಕಡಿಮೆ. ಈ ಕೆಲಸ ಬಿಟ್ಟವರ ಉಳಿಯೇ ಮುರಿದಾಗ ಸಕ್ಕರೆಯಂತೆ ಕಾಣುವುದು.

ಕಾದ ಉಳಿಯನ್ನು ಅದ್ದುವುದಕ್ಕೆ ಶೇಂಗಾ ಎಣ್ಣೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆ ಇರುವ ಜಿಲ್ಲೆಯಲ್ಲಿ ಬೇರೆ ಹುಡುಕಬೇಕಿಲ್ಲ. ಎಂಜಿನ್ನಿನ ಹಳೇ ಎಣ್ಣೆ ಪುಕ್ಕಟೆ ಸಿಗುತ್ತದೆ, ಆದರೆ ಅದರ ಹೊಗೆ ವಿಷ. ಕಿರಿದಾದ ಎತ್ತರದ ಉಕ್ಕಿನ ಪಾತ್ರೆಯಲ್ಲಿ 4 ಲೀಟರ್ ಹಾಕಿ, ಕಾದ ಕಬ್ಬಿಣದ ತುಂಡು ಇಳಿಸಿ 50–60 ಡಿಗ್ರಿಗೆ ತರುತ್ತೇನೆ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಉಕ್ಕಿಗೆ ಬೇಗ ಅಂಟಿ ಕಾವು ಎಳೆಯುತ್ತದೆ. ತಣ್ಣನೆಯ ಎಣ್ಣೆ ನಿಧಾನ. ಪಕ್ಕದಲ್ಲಿ ಪಾತ್ರೆಗೆ ಸರಿಹೊಂದುವ ತಗಡಿನ ಮುಚ್ಚಳ, ಒಂದು ಬಕೆಟ್ ಒಣ ಮರಳು. ಎಣ್ಣೆಯ ಉರಿಗೆ ನೀರು ಎರಚಬಾರದು.

ಕಾವು ನೋಡುವುದು ಸಂಜೆ ಬೆಳಕಿನಲ್ಲಿ ಅಥವಾ ಕತ್ತಲೆ ಮೂಲೆಯಲ್ಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕೆಂಪು ಕಬ್ಬಿಣವೂ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಮಿತಿಮೀರಿ ಕಾಯಿಸಿಬಿಡುತ್ತೇವೆ. ಉಕ್ಕು ಅಯಸ್ಕಾಂತವನ್ನು ಬಿಡುವುದು ಸುಮಾರು 770 ಡಿಗ್ರಿಗೆ, ಕಮಾನು ಪಟ್ಟಿಗೆ ಬೇಕಾದ್ದು 830–850. ಅಂದರೆ ಅಯಸ್ಕಾಂತ ಬಿಟ್ಟ ಮೇಲೆ ಬಣ್ಣ ಇನ್ನೊಂದು ಮೆಟ್ಟಿಲು ಏರಬೇಕು, ಕಿತ್ತಳೆಗೆ ತಿರುಗುವ ಮೊದಲು ತೆಗೆಯಬೇಕು. ಬಾಯಿಯ ಕಡೆಯ 60 ಮಿ.ಮೀ. ಮಾತ್ರ ಕಾಯಿಸಿ, ನೆಟ್ಟಗೆ ಅದ್ದಿ, ಮೇಲೆ ಕೆಳಗೆ ಆಡಿಸಿ. ಪಕ್ಕಕ್ಕೆ ಆಡಿಸಿದರೆ ಒಂದು ಮಗ್ಗುಲು ಮೊದಲು ತಣಿದು ಬಾಗುತ್ತದೆ. ಕುಡುಗೋಲಿಗೆ ನೀರು ಕುಡಿಸುವುದನ್ನು ನೋಡಿ ಇದಕ್ಕೂ ನೀರು ಬಳಸಬೇಡಿ. ಕಮಾನು ಪಟ್ಟಿ ನೀರಿನಲ್ಲಿ ‘ಟಿಕ್’ ಎಂದರೆ ಆ ಉಳಿ ಅಲ್ಲಿಗೆ ಮುಗಿಯಿತು.

ಅದ್ದಿದ ಉಳಿ ಈಗ ಗಾಜು. ಕೆಳಗೆ ಬಿದ್ದರೂ ಒಡೆಯಬಹುದು, ನಾಳೆ ನೋಡೋಣ ಎಂದು ಇಟ್ಟರೆ ರಾತ್ರಿಯೇ ಸೀಳಬಹುದು. ಕೈಗೆ ಬೆಚ್ಚಗಿರುವಾಗಲೇ ಅರ ಜಾರುತ್ತದೆಯೇ ನೋಡಿ, ಒರೆಸಿ, ಒಂದು ಮಗ್ಗುಲನ್ನು ಹೊಳೆಯುವಂತೆ ಉಜ್ಜಿ, ಕೂಡಲೇ ಗಡಸು ಇಳಿಸುವ ಕಾವಿಗೆ ಇಡಬೇಕು. ಮನೆಯ ಓ.ಟಿ.ಜಿ.ಯಲ್ಲಿ (ಕೇಕ್ ಬೇಯಿಸುವ ವಿದ್ಯುತ್ ಓವನ್) ಮರಳಿನ ತಟ್ಟೆಯೊಳಗೆ 200 ಡಿಗ್ರಿ, ಒಂದು ಗಂಟೆ, ಆರಿಸಿ ಮತ್ತೆ ಒಂದು ಗಂಟೆ. ಓ.ಟಿ.ಜಿ.ಯ ಗುಂಡಿಯನ್ನು ನಂಬಬೇಡಿ, ಒಳಗೆ ಬೇರೆ ಉಷ್ಣಮಾಪಕ ಇಡಿ. ಓ.ಟಿ.ಜಿ. ಇಲ್ಲದಿದ್ದರೆ ಹಂಚಿನ ಮೇಲೆ ಮರಳು ಕಾಯಿಸಿ ಉಳಿಯನ್ನು ಅದರ ಮೇಲಿಟ್ಟು ಬಣ್ಣ ನೋಡಿ. ತಿಳಿ ಹುಲ್ಲಿನ ಬಣ್ಣ ಬಂದರೆ ಕೈಯಿಂದ ತಳ್ಳುವ ಉಳಿಗೆ ಸರಿ. ಕೊಡತಿ ಪೆಟ್ಟು ತಿನ್ನುವ ಉಳಿಗೆ ಕಡು ಹುಲ್ಲಿನ ಬಣ್ಣ, ಅಂದರೆ 230ರ ಹತ್ತಿರ. ಕಬ್ಬಿಣ ಕಡಿಯುವ ಚಾಣಕ್ಕಾದರೆ ನೇರಳೆ, 280. ಮೇಲೆ ಎಣ್ಣೆಯ ಪಸೆ ಉಳಿದಿದ್ದರೆ ಬಣ್ಣ ಸುಳ್ಳು ಹೇಳುತ್ತದೆ.

ಹರಿತ ಮಾಡುವಾಗ ಗ್ರೈಂಡರಿನಲ್ಲಿ ಅಂಚು ನೀಲಿಗಟ್ಟಿದರೆ ಅಷ್ಟು ಭಾಗದ ಹದ ಹೋಯಿತು. ಬರಿಗೈಯಲ್ಲಿ ಹಿಡಿದು, ಬಿಸಿ ತಾಗಿದ ತಕ್ಷಣ ನೀರಿಗೆ ಅದ್ದುತ್ತ ಹೋಗಬೇಕು. ಕೊನೆಯದೆಲ್ಲ ಸಾಣೆಕಲ್ಲಿನ ಮೇಲೆಯೇ.

ಹಿಡಿಗೆ ಕರಿಜಾಲಿ. ಹಳೇ ಬಂಡಿಯ ನೊಗ, ಗಾಲಿಯ ಮರ ಸಿಕ್ಕರೆ ವರ್ಷಗಟ್ಟಲೆ ಒಣಗಿದ್ದು, ಇನ್ನು ಕುಗ್ಗುವುದಿಲ್ಲ. ಗರಗಸ ಇಡುವ ಮೊದಲು ಅಯಸ್ಕಾಂತ ಆಡಿಸಿ ಒಳಗೆ ಮೊಳೆ ಇದೆಯೇ ನೋಡಿ. ಎಳೆ ಹಿಡಿಯ ಉದ್ದಕ್ಕೇ ಓಡಬೇಕು. ಬಾಲಕ್ಕೆ ಮೊದಲ ಅರ್ಧ 7 ಮಿ.ಮೀ., ಒಳಗಿನ ಅರ್ಧ 5 ಮಿ.ಮೀ. ತೂತು ಕೊರೆದು, ಅಲಗನ್ನು ವೈಸಿಗೆ ಹಿಡಿಸಿ ಹಿಡಿಯನ್ನು ಕೊಡತಿಯಿಂದ ಇಳಿಸಿ. ಬಾಯಿಗೆ ಅರ್ಧ ಇಂಚು ಪೈಪಿನ 15 ಮಿ.ಮೀ. ಬಳೆ ಮೊದಲೇ ಕೂರಿಸಿರಬೇಕು, ಇಲ್ಲವಾದರೆ ಮರ ಸೀಳುತ್ತದೆ. ಬಳೆಗೆ ಬಿಸಿ ತಗಲದ ಕಾರಣ ಇಲ್ಲಿ ಜಿ.ಐ. ಪೈಪ್ ಆದೀತು. ಅಲಗಿಗೂ ಹಿಡಿಗೂ ನಡುವೆ ಹಳೇ ಚಪ್ಪಲಿಯ ತೊಗಲಿನ ಬಿಲ್ಲೆ ಹಾಕಿದರೆ ಪೆಟ್ಟು ಕೈಗೆ ಹೊಡೆಯುವುದಿಲ್ಲ. ಮೇಲೆ ಅಗಸೆ ಎಣ್ಣೆ ಹಚ್ಚಿ. ಹೊಂಗೆ ಎಣ್ಣೆಯಾದರೆ ಒಣಗದೆ ಜಿಗುಟಾಗಿಯೇ ಇರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಮೊದಲ ಎರಡು ಮೂರು ಸಾಣೆಯವರೆಗೆ ಅಂಚು ಬೇಗ ಮೊಂಡಾದರೆ ಗಾಬರಿ ಬೇಡ, ಬೆಂಕಿಯಲ್ಲಿ ಇಂಗಾಲ ಕಳೆದುಕೊಂಡ ಮೇಲ್ಪದರ ಅದು. ಅರ್ಧ ಮಿ.ಮೀ. ಸವೆಸಿ ನೋಡಿ. ಆಮೇಲೂ ಅಂಚು ಮಡಚಿದರೆ ಹದ ಸಾಲದು, ಎಣ್ಣೆಯಿಂದಲೇ ಮತ್ತೆ ಶುರು ಮಾಡಬೇಕು. ಮಡಚದೆ ಚಕ್ಕೆ ಹಾರಿದರೆ ಗಡಸು ಹೆಚ್ಚು, ಹಿಡಿ ಕಳಚಿ 15–20 ಡಿಗ್ರಿ ಹೆಚ್ಚಿನ ಕಾವಿನಲ್ಲಿ ಇನ್ನೊಂದು ಗಂಟೆ ಇಡಿ.