ಪಿಎಚ್‌ಡಿ ಮಾಡ್ತಾ ಬುಕ್ ರಿವ್ಯೂ ಬರೆಯೋದು: ನನ್ನ ಅನುಭವ

ರಿಸರ್ಚ್ ಸ್ಟೂಡೆಂಟ್‌ಗೆ ಮೊದಲನೇ ಪಬ್ಲಿಕೇಶನ್ ಬೇಗ ಆಗ್ಬೇಕು ಅಂದ್ರೆ ಬುಕ್ ರಿವ್ಯೂ ಬರಿ ಅಂತಾರೆ, ಅದು ಸರಿನೇ, ಆದ್ರೆ ನಾನು ಬರೆಯೋದು ಒಂದು ಪುಸ್ತಕನ ಅಷ್ಟು ಹತ್ರದಿಂದ ಓದೋಕೆ ಬೇರೆ ಯಾವ ಕೆಲ್ಸನೂ ಕೂರಿಸಲ್ಲ ಅಂತ. ನನ್ನ ವಿಷಯ ಹಳೇ ಮೈಸೂರು ಕಡೆ ಕೆರೆಗಳು, ಹಂಗಾಗಿ ಕೆರೆ, ನೀರಾವರಿ, ಶಾಸನ ಇಷ್ಟರ ಸುತ್ತ ಇರೋ ಪುಸ್ತಕ ಮಾತ್ರ ತಗೋತೀನಿ. ಜರ್ನಲ್‌ನ ರಿವ್ಯೂ ಎಡಿಟರ್‌ಗೆ ಚಿಕ್ಕ ಮೇಲ್ ಹಾಕ್ತೀನಿ: ನಾನ್ಯಾರು, ಏನ್ ಓದ್ತಿದೀನಿ, ಯಾವ ಪುಸ್ತಕ. ಒಪ್ಪಿದ್ರೆ ಪುಸ್ತಕನೋ ಪಿಡಿಎಫ್ಫೋ ಬರುತ್ತೆ. ಗೈಡ್ ಬರೆದಿದ್ದು, ಪರಿಚಯದವರು ಬರೆದಿದ್ದು ಮಾತ್ರ ಮುಟ್ಟಲ್ಲ.

ಪುಸ್ತಕ ಕೈಗೆ ಬಂದ್ಮೇಲೆ ಮೊದ್ಲು ಅಡಿಟಿಪ್ಪಣಿ ನೋಡ್ತೀನಿ. ಲೇಖಕರು ಆರ್ಕೈವ್ಸ್‌ಗೆ ಹೋಗಿದಾರಾ, ಬರೀ ಬೇರೆಯವರ ಪುಸ್ತಕ ಇಟ್ಕೊಂಡು ಬರೆದಿದಾರಾ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಆಮೇಲೆ ಪೂರ್ತಿ ಓದು, ಓದಿ ಆದ್ಮೇಲೆ ನನಗೆ ಚೆನ್ನಾಗಿ ಗೊತ್ತಿರೋ ಒಂದೇ ಒಂದು ಅಧ್ಯಾಯದ ಆಧಾರಗಳನ್ನ ನಾನೇ ತೆಗೆದು ನೋಡೋದು. ದೊಡ್ಡ ಪ್ರೊಫೆಸರ್‌ಗಳಿಗೆ ಇದಕ್ಕೆ ಟೈಮ್ ಇರಲ್ಲ, ನಮಗಿರುತ್ತೆ, ಸ್ಟೂಡೆಂಟ್ ಬರೆಯೋ ರಿವ್ಯೂಗೆ ಬೆಲೆ ಬರೋದೇ ಇಲ್ಲಿ.

ಒಂದು ಪುಸ್ತಕದಲ್ಲಿ ಹೊಯ್ಸಳರ ಕಾಲದ ಕೆರೆಗಳೆಲ್ಲ ಅರಸರ ಕೆಲಸ ಅನ್ನೋ ವಾದ ಇತ್ತು, ಅದಕ್ಕೆ ಹಾಸನ ಜಿಲ್ಲೆ ಶಾಸನಗಳನ್ನ ಕೊಟ್ಟಿದ್ರು. ಲೈಬ್ರರಿಲಿ ಎಪಿಗ್ರಾಫಿಯಾ ಕರ್ನಾಟಿಕಾ, ಅಂದ್ರೆ ನಮ್ಮ ಕಡೆ ಶಾಸನಗಳನ್ನ ಒಟ್ಟುಮಾಡಿ ಅಚ್ಚು ಹಾಕಿರೋ ಸಂಪುಟಗಳನ್ನ ತೆಗೆದು ಒಂದೊಂದೇ ಹುಡುಕಿದೆ (ಇವನ್ನ ಮೊದ್ಲು ಹೊರತಂದ ಬಿ.ಎಲ್. ರೈಸ್ ಅವರ 5ನೇ ಸಂಪುಟದ ಬೇಲೂರು ಶಾಸನಗಳು ಪರಿಷ್ಕೃತ ಆವೃತ್ತಿಲಿ 9ನೇ ಸಂಪುಟಕ್ಕೆ ಹೋಗಿವೆ, ಲೇಖಕರು ಬಳಸಿರೋದು ಯಾವುದು ಅಂತ ಮೊದ್ಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಎಷ್ಟು ಹುಡುಕಿದ್ರೂ ಸಿಗಲ್ಲ). ನೋಡಿದ್ರೆ ಶುರುಲಿ ಅರಸನ ಬಿರುದುಗಳೇನೋ ಸಾಲುಸಾಲಾಗಿವೆ, ಆದ್ರೆ ಕೆಳಗೆ ಬಂದ್ರೆ ಕೆರೆ ಕಟ್ಟಿಸಿದೋರು, ಅದಕ್ಕೆ ಗದ್ದೆ ಬಿಟ್ಟೋರು ಊರಿನ ಗೌಡರು, ಮಹಾಜನರು. ಲೇಖಕರದು ತಪ್ಪು ಅಂತ ನಾನು ಬರೀಲಿಲ್ಲ, ಅವರು ಕೊಟ್ಟ ಶಾಸನಗಳೇ ಊರಿನೋರ ಪಾತ್ರನೂ ಹೇಳ್ತವೆ, ವಾದದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ ಅಂತ ಶಾಸನದ ನಂಬರ್ ಸಮೇತ ಬರೆದೆ. ಎಡಿಟರ್ ಬೇರೆ ಕಡೆ ಎಲ್ಲಾ ಕತ್ತರಿ ಹಾಕಿದ್ರು, ಆ ಪ್ಯಾರಾ ಹಂಗೇ ಉಳೀತು.

ಸಾಮಾನ್ಯವಾಗಿ ಸಾವಿರ ಪದದ ಆಸುಪಾಸು ಜಾಗ ಕೊಡ್ತಾರೆ, ಅದರಲ್ಲಿ ಅಧ್ಯಾಯ ಒಂದರಲ್ಲಿ ಹೀಗಿದೆ, ಎರಡರಲ್ಲಿ ಹಾಗಿದೆ ಅಂತ ಸಾರಾಂಶ ಬರೀತಾ ಕೂತ್ರೆ ಮುಗೀತು. ಲೇಖಕರ ವಾದ ಏನು ಅಂತ ಅವರೇ ಓದಿದ್ರೂ ಒಪ್ಪೋ ಹಾಗೆ ಹೇಳ್ಬೇಕು, ಆಮೇಲೆ ತಕರಾರು. ಅವರು ಬರೀದೇ ಇರೋ ಪುಸ್ತಕನ ಯಾಕೆ ಬರೀಲಿಲ್ಲ ಅಂತ ಕೇಳೋದು ನ್ಯಾಯ ಅಲ್ಲ.

ಹಂಪಿ ಕನ್ನಡ ವಿವಿ ಪ್ರಸಾರಾಂಗ ತರೋ ಎಷ್ಟೋ ಸಂಶೋಧನಾ ಪುಸ್ತಕಗಳಿಗೆ ಇಂಗ್ಲಿಷ್ ಜರ್ನಲ್‌ಗಳಲ್ಲಿ ಒಂದು ರಿವ್ಯೂನೂ ಕಣ್ಣಿಗೆ ಬೀಳಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು. ಅದಕ್ಕೇ ಈಗ ಕನ್ನಡ ಪುಸ್ತಕಕ್ಕೆ ಇಂಗ್ಲಿಷ್‌ನಲ್ಲಿ ರಿವ್ಯೂ ಬರೀತೀನಿ ಅಂತ ಎಡಿಟರ್‌ಗಳನ್ನ ನಾನೇ ಕೇಳೋಕೆ ಶುರು ಮಾಡಿದೀನಿ.